ಲೋಹದ ಅಂಕಿಗಿಂತ ಮೊದಲು ಡಬ್ಬ ನೋಡಿ

ಶಿವಮೊಗ್ಗದ ಒಂದು ಆಹಾರ ಪರೀಕ್ಷಾ ಲ್ಯಾಬ್‌ನಲ್ಲಿ ನನ್ನ ಕೆಲಸ. ಮೇ ತಿಂಗಳಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ತುಡುವೆ ಜೇನಿನ ತುಪ್ಪ ಬರುತ್ತದೆ. ಈ ಸಲ ಒಬ್ಬ ಕೃಷಿಕರು ಕೇಳಿದರು: "ಮೇಡಂ, ಅಡಿಕೆಗೆ ಹೊಡೆಯೋ ಮೈಲುತುತ್ತ ಇದಕ್ಕೆ ಸೇರಿದೆಯಾ, ನೋಡಿ ಹೇಳ್ತೀರಾ?"

ಕೇಳಲೇಬೇಕಾದ ಪ್ರಶ್ನೆ. ಮೈಲುತುತ್ತದಲ್ಲಿ ಇರೋದು ತಾಮ್ರ, ಅಡಿಕೆಯ ಕೊಳೆ ರೋಗಕ್ಕೆ ಅದನ್ನು ಹೊಡೆಯುತ್ತಾರೆ. ಜೇನುಹುಳ ಸುತ್ತಲಿನ ಹೂವು, ನೀರು, ಧೂಳು ಎಲ್ಲವನ್ನೂ ಮುಟ್ಟಿ ಗೂಡಿಗೆ ಬರುತ್ತದೆ. ತುಪ್ಪ, ಪರಾಗ, ಮೇಣ ನೋಡಿದರೆ ಆ ಜಾಗದ ಸುದ್ದಿ ಸ್ವಲ್ಪ ಸಿಗುತ್ತದೆ. ಆದರೆ ಅವರ ತುಪ್ಪದಲ್ಲಿ ತಾಮ್ರ ಮಾಮೂಲಾಗಿತ್ತು, ಜಾಸ್ತಿ ಇದ್ದದ್ದು ಸತು, ಅಂದರೆ ಜಿಂಕ್. "ಎಲ್ಲಿ ತುಂಬಿಟ್ಟಿದ್ರಿ?" ಅಂದೆ. ಹಳೇ ಜಿಂಕ್ ಶೀಟಿನ ಡಬ್ಬ! ತುಪ್ಪಕ್ಕೆ ಹುಳಿ ಗುಣ ಇದೆ, ಪಿಎಚ್ ಸುಮಾರು 4. ಸತುವಿನ ಲೇಪವನ್ನು ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಅದೇ ಜೇನು ಪೆಟ್ಟಿಗೆಯ ತುಪ್ಪ ಗಾಜಿನ ಬಾಟಲಿಯಲ್ಲಿ ತರಿಸಿದೆ, ಸತು ಇಳಿದಿತ್ತು. ಕಪ್ಪು ತುಪ್ಪದಲ್ಲಿ ಖನಿಜ ಸಹಜವಾಗಿಯೇ ಹೆಚ್ಚು, ಅದರಲ್ಲೂ ಪೊಟ್ಯಾಸಿಯಂ. ಅದನ್ನೂ ಮಾಲಿನ್ಯ ಅನ್ನುವಂತಿಲ್ಲ.

ಹುಳ ಎಲ್ಲಿ ಓಡಾಡಿದೆ ಅನ್ನೋದಕ್ಕೆ ಪರಾಗ ನೋಡಬೇಕು. ನನಗೆ ತುಂಬಾ ಇಷ್ಟದ ಕೆಲಸ ಇದು. 10 ಗ್ರಾಂ ತುಪ್ಪವನ್ನು ಬೆಚ್ಚಗಿನ ನೀರಲ್ಲಿ ಕದಡಿ ಯಂತ್ರದಲ್ಲಿ ತಿರುಗಿಸಿದರೆ ತಳದಲ್ಲಿ ಒಂದು ಚುಕ್ಕೆಯಷ್ಟು ಗಸಿ ನಿಲ್ಲುತ್ತದೆ. ಅದನ್ನು ಸ್ಲೈಡಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಕೇಶಿಯಾ ಪರಾಗ 16 ಕಣಗಳು ಅಂಟಿಕೊಂಡ ಉಂಡೆ. ಮುಟ್ಟಿದರೆ ಮುನಿ ಗಿಡದ್ದು 4 ಕಣಗಳ ಗುಂಪು, ಬಹಳ ಸಣ್ಣದು. ಸಣ್ಣದಾದ್ದರಿಂದ ರಾಶಿರಾಶಿ ಸೇರಿಕೊಳ್ಳುತ್ತದೆ. ಸ್ಲೈಡ್ ತುಂಬಾ ಅದೇ ಕಂಡರೂ ತುಪ್ಪವೆಲ್ಲ ಆ ಗಿಡದ್ದೇ ಅಂತಲ್ಲ. ಅಡಿಕೆ ಪರಾಗ ಚೆನ್ನಾಗಿ ಕಂಡರೆ ಮಾತ್ರ ತೋಟದ ತಾಮ್ರದ ಮಾತು ಎತ್ತುತ್ತೇನೆ. ಬರೀ ನೇರಳೆ, ಮತ್ತಿ ಕಂಡರೆ ಹುಳ ಕಾಡಲ್ಲೇ ಹೆಚ್ಚು ಅಲೆದಿದೆ ಅಂತಲೇ ಮೊದಲು ಯೋಚಿಸುತ್ತೇನೆ.

ಇನ್ನೊಂದು ವಿಷಯ. ಮೇ ತಿಂಗಳ ತುಪ್ಪ ತೆಗೆಯುವಾಗ ಈ ವರ್ಷದ ಕೊಳೆ ಔಷಧಿ ಸಾಮಾನ್ಯವಾಗಿ ಇನ್ನೂ ಹೊಡೆದೇ ಇರುವುದಿಲ್ಲ, ಅಲ್ವಾ? ಹಾಗಾಗಿ ಅವರ ಪ್ರಶ್ನೆಗೆ ಆ ಬಾಟಲಿ ಉತ್ತರ ಕೊಡಲಾರದು. ಮಳೆ ಬಿಡುವು ಕೊಟ್ಟಾಗ ಅದೇ ಪೆಟ್ಟಿಗೆಯಿಂದ ಪರಾಗ ತುಂಬಿದ ಎರಿಯ ಒಂದು ತುಂಡು ತರಲು ಹೇಳಿದ್ದೇನೆ. ಧೂಳು, ಲೋಹ ತುಪ್ಪಕ್ಕಿಂತ ಪರಾಗಕ್ಕೇ ಬೇಗ ಅಂಟುತ್ತದೆ. ಔಷಧಿ ಹೊಡೆದ ದಿನಾಂಕ ಬರೆದಿಡಿ, ಜಿಂಕ್ ಡಬ್ಬ ಬೇಡ ಅಂತಲೂ ಹೇಳಿದ್ದೇನೆ.