ವಿಟೆನ್‌ಬರ್ಗ್‌ನಲ್ಲಿ ಒಂಟಿಕಾಲಿನ ಕುಸ್ತಿ

ಬರ್ಲಿನ್‌ನಿಂದ ವಿಟೆನ್‌ಬರ್ಗ್‌ಗೆ ವೇಗದ ರೈಲಿನಲ್ಲಿ ಒಂದು ಗಂಟೆಯೂ ಹಿಡಿಯುವುದಿಲ್ಲ. ಜನ ಅಲ್ಲಿಗೆ ಹೋಗುವುದು ಕ್ರೈಸ್ತ ಧರ್ಮಸುಧಾರಕ ಮಾರ್ಟಿನ್ ಲೂಥರ್‌ಗಾಗಿ. ಕೋಟೆ ಚರ್ಚಿನ ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಸುಳ್ಳು ಯಾಕೆ, ನಾನೂ ತೆಗೆಸಿಕೊಂಡೆ. ಆದರೆ ನಾನು ಹೋಗಿದ್ದು ಕುಸ್ತಿ ಕಲಿಯೋಕೆ.

1539ರಲ್ಲಿ ಇದೇ ಊರಲ್ಲಿ ಕುಸ್ತಿ ಪಟ್ಟುಗಳ ಪುಸ್ತಕವೊಂದು ಅಚ್ಚಾಯಿತು. ಬರೆದವರು ಸ್ಯಾಕ್ಸನಿ ಅರಮನೆಯ ಉಸ್ತಾದ್ ಫಾಬಿಯಾನ್ ಫಾನ್ ಆವರ್ಸ್‌ವಾಲ್ಡ್. ಅಚ್ಚು ಹಾಕಿದ್ದು ಹಾನ್ಸ್ ಲುಫ್ಟ್. 1534ರಲ್ಲಿ ಲೂಥರ್ ಜರ್ಮನ್‌ಗೆ ಅನುವಾದಿಸಿದ ಬೈಬಲ್ ಅಚ್ಚು ಹಾಕಿದವನೂ ಇವನೇ. ಚಿತ್ರಗಳು ಆ ಊರಿನ ಚಿತ್ರಕಾರ ಲೂಕಾಸ್ ಕ್ರಾನಾಖ್ ಕಲಾಶಾಲೆಯವು. ಅವುಗಳಲ್ಲಿ ಗಡ್ಡದ ಮುದುಕನೊಬ್ಬ ಹುಡುಗನನ್ನು ಹಿಡಿದು ಉರುಳಿಸುತ್ತಿರುತ್ತಾನೆ. ಆ ಮುದುಕ ಆವರ್ಸ್‌ವಾಲ್ಡ್ ಅವರೇ. ಆಗ ಎಪ್ಪತ್ತು ದಾಟಿತ್ತು!

ಕ್ರಾನಾಖ್ ಮನೆಯ ಅಂಗಳ ಮಾರ್ಕೆಟ್ ಚೌಕದ ಪಕ್ಕದಲ್ಲೇ ಇದೆ. ಅಲ್ಲಿ ಒಂದು ಕಾಫಿ ಕುಡಿದು, ಆ ಪುಸ್ತಕದ ಕುಸ್ತಿ ಕಲಿಸುವ ತರಬೇತಿಯ ಹಾಲ್‌ಗೆ ನಡೆದೆ.

ಮೈಸೂರಿನ ಚಿಕ್ಕಪ್ಪನ ಗರಡಿಮನೆ ನೋಡಿ ಬೆಳೆದವನು ನಾನು. ಎಣ್ಣೆ, ಅರಿಶಿನ ಬೆರೆತ ಕೆಮ್ಮಣ್ಣಿನ ವಾಸನೆ ಇಲ್ಲದ ಜಾಗದಲ್ಲಿ ಕುಸ್ತಿಯೇ ಅಂತ ಅನಿಸಿತು. ಇಲ್ಲಿ ನೀಲಿ ಮ್ಯಾಟ್. ಮೊದಲ ಅರ್ಧ ಗಂಟೆ ಬರೀ ಬೀಳುವುದು. ಗಲ್ಲ ಎದೆಗೆ ಒತ್ತಿ, ಬೆನ್ನು ಗುಂಡಗೆ ಮಾಡಿ, ಹಿಂದಕ್ಕೆ ಉರುಳಬೇಕು. ಬೀಳೋಕೆ ಬಾರದವನನ್ನು ಜೋಡಿ ಎತ್ತುವಂತಿಲ್ಲ.

ಆಮೇಲೆ ಜೋಡಿ ಹಾಕಿದರು. ನನಗೆ ಸಿಕ್ಕವಳು ನನಗಿಂತ ಒಂದಡಿ ಕುಳ್ಳಗಿನ ಹುಡುಗಿ. ಪಟ್ಟು ಬಿಗಿಯುವ ಮೊದಲ ಪಾಠ ಇದು: ನನ್ನ ಬಲಗೈ ಅವಳ ಕಂಕುಳ ಕೆಳಗೆ, ಎಡಗೈ ಅವಳ ತೋಳಿನ ಮೇಲೆ. ಅವಳದೂ ಹಾಗೇ. ಈಗ ಮೇಲಿರುವ ಕೈಯನ್ನು ಒಳಗೆ ತೂರಿಸಬೇಕು, ಅವಳೂ ತೂರಿಸುತ್ತಾಳೆ. ಒಂದು ಕಡೆ, ಇನ್ನೊಂದು ಕಡೆ, ಮಜ್ಜಿಗೆ ಕಡೆದ ಹಾಗೆ. ನಾನು ಜೋರು ಮಾಡಿದೆ. ಅವಳು ಸುಮ್ನೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ನನ್ನ ಭಾರ ನನ್ನನ್ನೇ ಮುಂದಕ್ಕೆ ಎಳೆದುಕೊಂಡು ಹೋಗಿ ಮೂಗಿನ ಮೇಲೆ ಕೆಡವಿತು.

"ಜಾಸ್ತಿ ತಳ್ಳಬೇಡಿ. ನನ್ನ ಭಾರ ಯಾವ ಕಾಲಿನ ಮೇಲಿದೆ ಅಂತ ನೋಡಿ," ಅಂದಳು. ಮುಂದಿನ ಹತ್ತು ನಿಮಿಷ ಕಣ್ಣು ಮುಚ್ಚಿಕೊಂಡು ಅದನ್ನೇ ಮಾಡಿದೆವು. ಅವಳು ಉಸಿರು ಬಿಟ್ಟಾಗ ಭುಜ ಇಳಿಯುವುದು ಕೂಡ ಕೈಗೆ ತಿಳಿಯತೊಡಗಿತು. ಸೊಂಟದ ಮೇಲೆ ಎತ್ತಿ ಎಸೆಯುವ ಪಟ್ಟಿನಲ್ಲಿ ಎಸೆಯಲು ಬಿಡಲೇ ಇಲ್ಲ. ಜೋಡಿಯ ಕಾಲು ನೆಲ ಬಿಟ್ಟರೆ ಸಾಕು, ವಾಪಸ್ ಇಳಿಸಬೇಕು. ಎಸೆಯುವುದಕ್ಕಿಂತ ಇದು ಕಷ್ಟ.

ಕೊನೆಗೆ ಆಟ. ಆವರ್ಸ್‌ವಾಲ್ಡ್ ಪುಸ್ತಕದ ಕೊನೆಯಲ್ಲಿ ಪುಟ್ಟ ಗುಳಿಯ ಕುಸ್ತಿ ಇದೆ. ಒಬ್ಬ ನೆಲದ ಗುಳಿಯಲ್ಲಿ ಒಂದು ಕಾಲಿಡುತ್ತಾನೆ, ಇನ್ನೊಬ್ಬ ಒಂಟಿಕಾಲಲ್ಲಿ ಕುಂಟುತ್ತಾ ಸೆಣಸುತ್ತಾನೆ. ಮ್ಯಾಟಿನಲ್ಲಿ ಗುಳಿ ತೋಡೋಕಾಗುತ್ತಾ? ಟೇಪಿನಲ್ಲಿ ಸುತ್ತು ಹಾಕಿದ್ದರು. ನಮ್ಮ ಕುಂಟೆಬಿಲ್ಲೆ ಆಡಿದವನಿಗೆ ಇದೇನು ಮಹಾ ಅಂದುಕೊಂಡೆ. ಮೂರನೇ ಕುಪ್ಪಳಿಕೆಗೇ ಮೀನಖಂಡ ಹಿಡಿದುಕೊಂಡಿತು.

ರೈಲಿನಲ್ಲಿ ಕಾಲು ನೀವಿಕೊಳ್ಳುತ್ತಾ ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅದ್ಸರಿ ಕಣೋ, ಗುಳೀಲಿ ಕಾಲಿಟ್ಟವ್ನು ಗೆದ್ನೋ, ಕುಂಟಿದವ್ನು ಗೆದ್ನೋ?"

"ಎರಡು ಕಡೆ ನಿಂತಾಗಲೂ ನಾನೇ ಸೋತೆ ಚಿಕ್ಕಪ್ಪ."