ಹಂಚಿನ ಲೋಡು, ಶಿರಾಡಿ ಘಾಟಿ ಮತ್ತು 1210 ಲಾರಿ

ಹಳೇ ಲಾರಿಗಳ ಮಾತು ಬಂದರೆ ಎಲ್ಲರಿಗೂ ನೆನಪಾಗುವುದು ಬಾಡಿಯ ಬಣ್ಣ, ಹಿಂದುಗಡೆ ಬರೆಸಿದ ಸಾಲು, ಹಾರ್ನಿನ ಸದ್ದು. ಅದರಲ್ಲಿ ದುಡಿದ ಡ್ರೈವರು, ಕ್ಲೀನರಿಗೆ ಎಷ್ಟೆಲ್ಲ ಕೆಲಸ ಗೊತ್ತಿರಬೇಕಿತ್ತು ಅನ್ನುವುದು ಮಾತ್ರ ಮರೆತುಹೋಗುತ್ತಿದೆ. ಎಪ್ಪತ್ತು, ಎಂಬತ್ತರ ದಶಕದ ಮಂಗಳೂರು–ಬೆಂಗಳೂರು ಲೈನನ್ನೇ ಹಿಡಿದು ಹೇಳುತ್ತೇನೆ.

ಆ ಲೈನಿನ ಗಾಡಿ ಅಂದರೆ ಟಾಟಾ 1210, ಇಲ್ಲವೇ ಲೇಲ್ಯಾಂಡ್ ಕಾಮೆಟ್. ಟಾಟಾದವರಿಗೂ ಜರ್ಮನಿಯ ಬೆಂಜ್ ಕಂಪನಿಗೂ 1954ರಲ್ಲಿ ಆದ ಒಪ್ಪಂದ 1969ಕ್ಕೆ ಮುಗಿಯಿತು. ಮೂತಿಯ ಮೇಲಿನ ನಕ್ಷತ್ರ ಹೋದರೂ 'ಬೆಂಜ್ ಲಾರಿ' ಅನ್ನುವ ಮಾತು ಬಹಳ ವರ್ಷ ಉಳಿಯಿತು. 1210 ಅಂದರೆ ಒಟ್ಟು ತೂಕ 12 ಟನ್, ಎಂಜಿನ್ನಿನ ಶಕ್ತಿ ಸುಮಾರು 100 ಅಶ್ವಶಕ್ತಿ. ಪವರ್ ಸ್ಟೇರಿಂಗ್ ಇಲ್ಲ. ಲೋಡಿದ್ದರೆ ಲೀಟರ್ ಡೀಸೆಲ್ಲಿಗೆ ನಾಲ್ಕೈದು ಕಿಲೋಮೀಟರ್ ಬಂದರೆ ಒಳ್ಳೆಯ ಗಾಡಿ.

ಮಂಗಳೂರಿನಿಂದ ಮೇಲೆ ಬರುವ ಮುಖ್ಯ ಲೋಡು ಹಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಶುರುಮಾಡಿದ ಕೈಗಾರಿಕೆ ಅದು. ಹಂಚು ತುಂಬುವುದೇ ಒಂದು ವಿದ್ಯೆ. ಒಂದು ಹಂಚು ಎರಡೂವರೆ ಕಿಲೋ ಅಂತ ಹಿಡಿದರೆ ಮೂರು ಸಾವಿರ ಹಂಚಿಗೆ ಏಳೂವರೆ ಟನ್ ಆಯಿತು. ಮೊದಲು ಬಾಡಿಯ ಹಲಗೆ ಮೇಲೆ ಭತ್ತದ ಹುಲ್ಲನ್ನು ಒಂದು ಗೇಣು ಹಾಸಬೇಕು. ಹಂಚನ್ನು ಮಲಗಿಸುವ ಹಾಗಿಲ್ಲ. ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ಹಂಚಿನ ಏಣುಗಳ ಮೇಲೆ ಬಿದ್ದು ಮೊದಲ ಗುಂಡಿಯಲ್ಲೇ ಸೀಳುತ್ತದೆ. ಅಂಚಿನ ಮೇಲೆ ನಿಲ್ಲಿಸಿ, ಕ್ಯಾಬಿನ್ ಕಡೆಯ ಗೋಡೆಯಿಂದ ಹಿಂದಕ್ಕೆ ಒತ್ತೊತ್ತಿ ಸಾಲು ಹಿಡಿಯಬೇಕು. ಎರಡನೇ ವರಸೆಗೆ ಮುಂಚೆ ಮತ್ತೆ ಹುಲ್ಲು. ಕೊನೆಯ ಸಾಲಿಗೂ ಹಿಂಬಾಗಿಲಿಗೂ ನಡುವೆ ಎರಡು ಬೆರಳು ಸಂದಿ ಉಳಿದರೂ ಸಾಕು, ಬ್ರೇಕ್ ಒತ್ತಿದಾಗ ಇಡೀ ಸಾಲು ಮುಂದಕ್ಕೂ ಹಿಂದಕ್ಕೂ ಆಡುತ್ತದೆ. ಅದಕ್ಕೇ ಆ ಸಂದಿಗೆ ಹುಲ್ಲಿನ ಸಿಂಬಿ ತುರುಕಿ, ಕಾಲಿನಿಂದ ಒದ್ದು ಬಿಗಿ ಮಾಡುತ್ತಿದ್ದರು. ತುಂಬುವಾಗಲೇ ಗೆಣ್ಣಿನಿಂದ ತಟ್ಟಿ ನೋಡುವುದೂ ಇತ್ತು. ಒಳ್ಳೆಯ ಹಂಚು 'ಟಣ್' ಅನ್ನುತ್ತದೆ, ಬಿರುಕು ಬಿಟ್ಟದ್ದು 'ದೊಬ್' ಅನ್ನುತ್ತದೆ.

ಅಕ್ಕಿ, ಸಕ್ಕರೆ, ಗೊಬ್ಬರದ ಲೋಡಾದರೆ ತಾಡಪಾಲು ಬೇಕು. ಎರಡು ತಾಡಪಾಲು ಇದ್ದರೆ ಹಿಂದಿನದನ್ನು ಮೊದಲು ಹೊದಿಸಬೇಕು. ಮುಂದಿನದರ ಅಂಚು ಅದರ ಮೇಲೆ ಬರಬೇಕು. ಉಲ್ಟಾ ಆದರೆ ಗಾಳಿ ಸಂದಿಗೆ ನುಗ್ಗಿ ಎಬ್ಬಿಸುತ್ತದೆ, ಹಿಂದೆಯೇ ಮಳೆನೀರು ಇಳಿಯುತ್ತದೆ. ಹಗ್ಗವನ್ನು ಲೋಡಿನ ಮೇಲಿಂದ ಎಸೆದು, ಅರ್ಧದಲ್ಲಿ ಒಂದು ಕುಣಿಕೆ ಮಾಡಿ, ತುದಿಯನ್ನು ಬಾಡಿಯ ಕೆಳಗಿನ ಕೊಕ್ಕೆಗೆ ಸಿಕ್ಕಿಸಿ, ತಿರುಗಿ ಕುಣಿಕೆಯೊಳಗಿಂದ ತಂದು ಕೆಳಕ್ಕೆ ಜಗ್ಗಬೇಕು. ರಾಟೆಯ ಹಾಗೆ ಕೆಲಸ ಮಾಡುವುದರಿಂದ ಒಬ್ಬನೇ ಇಬ್ಬರ ಬಲದಷ್ಟು ಬಿಗಿಯಬಹುದು. ನಾರಿನ ಹಗ್ಗ ನೆಂದರೆ ಕುಗ್ಗಿ ಬಿಗಿಯಾಗುತ್ತದೆ, ಒಣಗಿದರೆ ಸಡಿಲ ಬೀಳುತ್ತದೆ. ರಾತ್ರಿ ಮಳೆಯಲ್ಲಿ ಬಂದ ಗಾಡಿಯ ಹಗ್ಗವನ್ನು ಬಿಸಿಲೇರಿದ ಮೇಲೆ ಮತ್ತೆ ಜಗ್ಗದೆ ಹೊರಟರೆ ಲೋಡು ವಾಲುವುದು ಗ್ಯಾರಂಟಿ. ಈ ಕೆಲಸವೆಲ್ಲ ಕ್ಲೀನರನದ್ದು. ಸಂಬಳ ಡ್ರೈವರಿನ ಅರ್ಧವೂ ಇಲ್ಲ, ಯಾವ ದಾಖಲೆಯಲ್ಲೂ ಹೆಸರಿಲ್ಲ. ಆ ಹುಡುಗರಿಗೆ ಆದ ಅನ್ಯಾಯ ಅದು.

ಘಾಟಿ ಶುರುವಾಗುವುದು ಗುಂಡ್ಯದಲ್ಲಿ. ಅಲ್ಲಿಂದ ಸಕಲೇಶಪುರದವರೆಗೆ ಏರು. ಎರಡನೇ ಗೇರಿನಲ್ಲಿ ಹೋಗುವಷ್ಟರಲ್ಲಿ ರೇಡಿಯೇಟರ್ ಕುದಿಯುತ್ತದೆ. ಕುದಿಯಿತು ಅಂತ ತಕ್ಷಣ ಎಂಜಿನ್ ಆಫ್ ಮಾಡಿ ತೊರೆಯ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡುತ್ತದೆ. ಗಾಡಿ ನಿಲ್ಲಿಸಿ, ಎಂಜಿನ್ ಸಣ್ಣಗೆ ಓಡಲು ಬಿಟ್ಟು, ಹಬೆ ಇಳಿದ ಮೇಲೆ ಗೋಣಿಚೀಲ ಸುತ್ತಿಕೊಂಡು ಮುಚ್ಚಳ ತಿರುಗಿಸಿ, ನಿಧಾನಕ್ಕೆ ನೀರು ಬಿಡಬೇಕು. ಏರಿನಲ್ಲಿ ಗಾಡಿ ನಿಂತಿತೋ, ಕ್ಲೀನರ್ ತ್ರಿಕೋನದ ಮರದ ತುಂಡು ಹಿಡಿದು ಹಾರಿ ಹಿಂದಿನ ಚಕ್ರಕ್ಕೆ ಕೊಡಬೇಕು. ಹ್ಯಾಂಡ್ ಬ್ರೇಕನ್ನು ಯಾರೂ ನಂಬುತ್ತಿರಲಿಲ್ಲ.

ಇಳಿಜಾರು ಇನ್ನೂ ಕಷ್ಟ. ಹತ್ತಿದ ಗೇರಿನಲ್ಲೇ ಇಳಿಯಬೇಕು ಅನ್ನುವುದು ನಿಯಮ. ಬರೀ ಬ್ರೇಕಿನ ಮೇಲೆ ಇಳಿದರೆ ಡ್ರಮ್ಮು ಕಾದು ಹಿಗ್ಗುತ್ತದೆ. ಲೈನರಿಗೂ ಡ್ರಮ್ಮಿಗೂ ಅಂತರ ಹೆಚ್ಚಾಗಿ ಪೆಡಲ್ ಕೆಳಗಿಳಿಯುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗಲೂ ನಿಲ್ಲಿಸದವರೇ ಕಣಿವೆಗೆ ಹೋದದ್ದು. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಬಿಡುವ ಚಾಳಿಯೂ ಇತ್ತು, ಯಾಕೆಂದರೆ ಟ್ರಿಪ್ಪಿಗೆ ಇಷ್ಟೇ ಲೀಟರ್ ಅಂತ ಗೊತ್ತುಮಾಡಿದ ಕಡೆ ಉಳಿದದ್ದು ಡ್ರೈವರಿನ ಜೇಬಿಗೆ. ಆ ಗೇರ್‌ಬಾಕ್ಸುಗಳಿಗೆ ಡಬಲ್ ಕ್ಲಚ್ ಬೇಕು. ಒಮ್ಮೆ ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು, ಆಕ್ಸಿಲೇಟರ್ ಕೊಟ್ಟು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರು ಹಾಕಬೇಕು. ನ್ಯೂಟ್ರಲ್‌ನಲ್ಲಿ ಐವತ್ತರ ಸ್ಪೀಡು ಹಿಡಿದ ಗಾಡಿಯನ್ನು ಎರಡನೇ ಗೇರಿಗೆ ತರುತ್ತೇನೆಂದರೆ ಹಲ್ಲು ಕಿರುಚುತ್ತದೆಯೇ ಹೊರತು ಕೂರುವುದಿಲ್ಲ.

ಇನ್ನೊಂದು ಕಾಟ ಏರ್ ಹಿಡಿಯುವುದು, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುವುದು. ಟ್ಯಾಂಕ್ ಬರಿದಾದರೆ ಸರಿ, ಡೀಸೆಲ್ ತುಂಬಿದ್ದೂ ಗಾಡಿ ಉಸಿರು ಕಟ್ಟಿ ನಿಂತರೆ ಅನುಮಾನ ಪಡಬೇಕಾದ್ದು ಪೈಪಿನ ಜೋಡಣೆಯ ತಾಮ್ರದ ವಾಷರಿನ ಮೇಲೆ. ಅದು ಸವೆದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆಯೂ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತಾ ನೊರೆ ನಿಂತು ಬರೀ ಡೀಸೆಲ್ ಬರುವ ತನಕ ಕಾಯಬೇಕು. ಪಂಪು ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಬೇಕು, ಇಲ್ಲವಾದರೆ ಕೊನೆಯ ಗುಳ್ಳೆ ಒಳಗೇ ಉಳಿಯುತ್ತದೆ. ಆಮೇಲೆ ಇಂಜೆಕ್ಟರುಗಳಿಗೆ ಡೀಸೆಲ್ ತಳ್ಳುವ ದೊಡ್ಡ ಪಂಪಿನಲ್ಲೂ ಹೀಗೆಯೇ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆಯಿಂದಾಗಿ ಎಲ್ಲರ ಬಾಯಲ್ಲೂ ಅದು 'ಮೈಕೋ ಪಂಪು'. ಅದಕ್ಕೂ ಜಗ್ಗದಿದ್ದರೆ ಇಂಜೆಕ್ಟರ್ ಪೈಪುಗಳ ನಟ್ಟು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದಂತೆ ಒಂದೊಂದಾಗಿ ಬಿಗಿಯುವುದು.

ಈ ಲಾರಿಗಳ ಮಾಲೀಕರಲ್ಲಿ ಬಹುಪಾಲು ಎರಡು ಮೂರು ಗಾಡಿಯವರು. 1976ರಲ್ಲಿ ಗದಗದಲ್ಲಿ ವಿಜಯ ಸಂಕೇಶ್ವರರು ಶುರುಮಾಡಿದ್ದೂ ಒಂದೇ ಲಾರಿಯಿಂದ. ಇಂಥವರಿಗೆ ಲೋಡು ಸಿಗಬೇಕಾದರೆ ಬೆಂಗಳೂರಿನ ಕಲಾಸಿಪಾಳ್ಯದ ಲಾರಿ ಆಫೀಸುಗಳೇ ಗತಿ. ವಾಪಸ್ ಲೋಡಿಗೆ ಎರಡು ಮೂರು ದಿನ ಕಾದರೆ ಟ್ರಿಪ್ಪಿನ ಲಾಭವೆಲ್ಲ ಬಾಟಾದಲ್ಲೇ ಮುಗಿಯುತ್ತಿತ್ತು. 1979ರಲ್ಲಿ ರಾಜ್ಯದಲ್ಲಿ ಜಕಾತಿ ರದ್ದಾಗುವವರೆಗೆ ಊರೂರಿನ ನಾಕಾದಲ್ಲೂ ಸಾಲು ನಿಲ್ಲಬೇಕಿತ್ತು.

ಕಾಗದದಲ್ಲಿ ಮುಖ್ಯವಾದದ್ದು ಎಲ್‌ಆರ್, ಅಂದರೆ ಸಾಮಾನಿನ ಲಾರಿ ರಸೀದಿ. ಸಾಮಾನು ಕಳಿಸಿದವರಿಗೊಂದು ಪ್ರತಿ, ಪಡೆಯುವವರಿಗೊಂದು, ಆಫೀಸಿಗೊಂದು, ಗಾಡಿಯ ಜತೆ ಒಂದು. ಬಾಡಿಗೆ ಅಲ್ಲೇ ಕಟ್ಟಿದ್ದರೆ 'ಪೇಯ್ಡ್', ಇಳಿಸಿಕೊಳ್ಳುವವರು ಕೊಡಬೇಕಾದರೆ 'ಟು ಪೇ'. ಹಂಚಿನ ಲೋಡಿನಲ್ಲಿ ಒಡೆದ ಚೂರುಗಳನ್ನೂ ಎಸೆಯುವ ಹಾಗಿಲ್ಲ. ಇಳಿಸುವಾಗ ಚೂರು ಬೇರೆ ರಾಶಿ ಹಾಕಿ, ಮೂತಿಯ ತುಂಡುಗಳನ್ನು ಎಣಿಸಿ ಎಷ್ಟು ಒಡೆದಿದೆ ಅಂತ ಲೆಕ್ಕ ಹಿಡಿಯುತ್ತಿದ್ದರು. ಆ ಸಂಖ್ಯೆಯನ್ನು ಎಲ್‌ಆರಿನ ಹಿಂಬದಿ ಬರೆದು ಪಾರ್ಟಿ ಸಹಿ ಹಾಕಬೇಕು. ಸಹಿಯಾದ ಪ್ರತಿ ಬುಕಿಂಗ್ ಆಫೀಸಿಗೆ ತಲುಪಿದ ಮೇಲೇ ಉಳಿದ ಬಾಡಿಗೆ ಕೈಗೆ ಬರುತ್ತಿದ್ದದ್ದು. ಹಾಗಾಗಿ ಡ್ರೈವರುಗಳು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಪರ್ಮಿಟ್ಟು, ಆರ್‌ಸಿ ಜತೆಗೆ ಸೀಟಿನ ಮೇಲಿನ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಿದ್ದರು.