ಒಪಿನಿಕಾನ್ ಸರೋವರದ ಬ್ಲೂಗಿಲ್ ಗೂಡುಗಳು

ಜೂನ್ 14, 2024, ಶುಕ್ರವಾರ
ಒಂಟಾರಿಯೊ, ಕೆನಡಾ

ಒಪಿನಿಕಾನ್ ಸರೋವರದ ನೀರು ಬೆಚ್ಚಗಾಗಿದೆ. ದಡದ ತಿಳಿನೀರಿನ ತಳದಲ್ಲಿ ಬ್ಲೂಗಿಲ್ ಎಂಬ ಸಿಹಿನೀರಿನ ಮೀನಿನ ಗಂಡುಗಳು ಬಾಲದಿಂದ ಕೆಸರನ್ನು ಗುಡಿಸಿ, ತಟ್ಟೆಯಾಕಾರದ ಗುಳಿಗಳನ್ನು ಒಂದಕ್ಕೊಂದು ತಾಗುವಂತೆ ತೋಡಿಕೊಂಡಿರುವುದು ಇಂದು ದೋಣಿಯಿಂದಲೇ ಸ್ಪಷ್ಟವಾಗಿ ಕಂಡಿತು. ಇದೇ ಕುಲದ ಪಂಪ್ಕಿನ್‌ಸೀಡ್ ಮೀನು ಬಸವನಹುಳುವಿನ ಚಿಪ್ಪನ್ನೇ ಪುಡಿಮಾಡಬಲ್ಲದು. ಅದು ಸಾಮಾನ್ಯವಾಗಿ ಒಂಟಿಯಾಗಿ ಗೂಡು ಕಟ್ಟುತ್ತದೆ. ಬ್ಲೂಗಿಲ್‌ಗೆ ಅಂಥ ದವಡೆಯಿಲ್ಲ. ಮೊಟ್ಟೆ ಕದಿಯುವ ಬಸವನಹುಳುಗಳಿಂದಲೂ ಬುಲ್‌ಹೆಡ್ ಮೀನುಗಳಿಂದಲೂ ಅದಕ್ಕೆ ನೆರೆಹೊರೆಯ ಗುಂಪೇ ರಕ್ಷಣೆ. ಆದ್ದರಿಂದ ಅಂಚಿನ ಗೂಡುಗಳಿಗಿಂತ ನಡುವಿನವು ಸುರಕ್ಷಿತ.

ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಅಲ್ಲಿಂದ ಮುಂದೆ ಈಜುರೆಕ್ಕೆ ಬೀಸಿ ಮೊಟ್ಟೆಗಳ ಮೇಲೆ ಹೊಸ ನೀರು ಹಾಯಿಸುವುದು, ಎರಡು ಮೂರು ದಿನಗಳಲ್ಲಿ ಒಡೆದು ಬರುವ ಮರಿಗಳನ್ನು ಅವು ಈಜಿ ಹೋಗುವವರೆಗೆ ಕಾಯುವುದು, ಎಲ್ಲವೂ ಗಂಡಿನ ಪಾಲು. ಈ ಅವಧಿಯಲ್ಲಿ ಅದು ಸರಿಯಾಗಿ ಆಹಾರವನ್ನೂ ತಿನ್ನದೆ ಸೊರಗುತ್ತದೆ.

ಇಷ್ಟು ಶ್ರಮವಹಿಸುವ ಗಂಡು ಈ ಸರೋವರದಲ್ಲಿ ಪ್ರೌಢವಾಗಲು ಸುಮಾರು 7 ವರ್ಷ ಬೇಕು. ಆದರೆ ಕೆಲವು ಗಂಡುಗಳು 2 ವರ್ಷಕ್ಕೇ ಪ್ರೌಢವಾಗಿ, ಗೂಡನ್ನೇ ಕಟ್ಟದೆ, ಜೋಡಿ ಕೂಡುವ ಕ್ಷಣದಲ್ಲಿ ಮಿಂಚಿನಂತೆ ನುಗ್ಗಿ ವೀರ್ಯ ಚೆಲ್ಲಿ ಓಡುತ್ತವೆ. ಇನ್ನಷ್ಟು ಬೆಳೆದ ಮೇಲೆ ಹೆಣ್ಣಿನ ಬಣ್ಣವನ್ನೂ ನಡೆಯನ್ನೂ ಅನುಕರಿಸಿ ಜೋಡಿಯ ನಡುವೆ ತೂರಿಕೊಳ್ಳುತ್ತವೆ. ಅವು ಮುಂದೆಂದೂ ಗೂಡು ಕಾಯುವ ಗಂಡುಗಳಾಗುವುದಿಲ್ಲ. ಜೀವಶಾಸ್ತ್ರಜ್ಞ ಮಾರ್ಟ್ ಗ್ರಾಸ್ ಇಲ್ಲಿಯೇ ಬಿಡಿಸಿ ತೋರಿಸಿದ ಈ ಎರಡು ಬದುಕಿನ ಹಾದಿಗಳು ನನಗೆ ಸಿಹಿನೀರಿನ ಜೀವಶಾಸ್ತ್ರದ ಅತ್ಯಂತ ಸೊಗಸಾದ ಅಧ್ಯಾಯವೆನಿಸುತ್ತವೆ. ಬ್ರಯಾನ್ ನೆಫ್ 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಂತೂ ಗೂಡಿನ ಒಡೆಯ ಏನೂ ತಿಳಿಯದ ಮುಗ್ಧನಲ್ಲವೆಂದು ತೋರಿಸಿದವು: ನುಸುಳುಗಾರರ ಸುಳಿವು ಸಿಕ್ಕಾಗ ಅದು ಮೊಟ್ಟೆಗಳ ಆರೈಕೆಯನ್ನು ತಗ್ಗಿಸುತ್ತದೆ, ಮೊಟ್ಟೆಯೊಡೆದ ಮೇಲೆ ಮರಿಗಳು ತನ್ನವೋ ಅಲ್ಲವೋ ಎಂಬುದನ್ನು ವಾಸನೆಯಿಂದ ಗುರುತಿಸಿ ಮತ್ತೆ ನಿರ್ಧರಿಸುತ್ತದೆ.

ಗೂಡು ಬಿಟ್ಟ ಪಾರದರ್ಶಕ ಮರಿಗಳು ಮೊದಲು ಸರೋವರದ ನಡುನೀರಿಗೆ ಹೋಗಿ ಪ್ರಾಣಿಪ್ಲವಕಗಳೆಂಬ ತೇಲುವ ಸೂಕ್ಷ್ಮ ಜೀವಿಗಳನ್ನು ತಿನ್ನುತ್ತವೆ; ಒಂದೂವರೆ ಸೆಂಟಿಮೀಟರಿನಷ್ಟು ಬೆಳೆಯುತ್ತಿದ್ದಂತೆ ದಡದ ಜಲಸಸ್ಯಗಳ ನಡುವೆ ಮರಳಿ ಬಂದು ಅಡಗುತ್ತವೆ. ಮಿಶಿಗನ್ನಿನಲ್ಲಿ ಅರ್ಲ್ ವರ್ನರ್ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದ ಕೊಳದ ಪ್ರಯೋಗದಲ್ಲಿ, ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಗಾರ ಮೀನು ಇದ್ದ ಕಡೆ ಸಣ್ಣ ಬ್ಲೂಗಿಲ್‌ಗಳು ಹೊರಗೆ ಹೆಚ್ಚು ಆಹಾರವಿದ್ದರೂ ಸಸ್ಯಗಳ ಮರೆಯಲ್ಲೇ ಉಳಿದು ನಿಧಾನವಾಗಿ ಬೆಳೆದವು. ಬಾಸ್‌ನ ಬಾಯಿಗೆ ಸಿಗದಷ್ಟು ದೊಡ್ಡವು ಮಾತ್ರ ನಿರ್ಭಯವಾಗಿ ಹೊರಗೆ ಮೇಯುತ್ತಿದ್ದವು. ರಜಾಮನೆಗಳ ಮುಂದಿನ ನೀರು ಚೊಕ್ಕಟವಾಗಿ ಕಾಣಲೆಂದು ಈ ಸಸ್ಯಗಳನ್ನು ಬೇರುಸಹಿತ ಕಿತ್ತುಹಾಕುವುದನ್ನು ನಾನು ಒಪ್ಪಲಾರೆ. ಹಾಗೆ ಬೋಳಾದ ದಡದಲ್ಲಿ ಬೆರಳುದ್ದದ ಬ್ಲೂಗಿಲ್‌ಗೆ ಬಾಸ್‌ನಿಂದ ತಪ್ಪಿಸಿಕೊಳ್ಳುವ ಮರೆಯೇ ಉಳಿಯುವುದಿಲ್ಲ.